ಬಹರೈನ್ ರಾತ್ರಿ: ಮೆನುವಿನ 10 ದಿನಾರ್ ಬಿಲ್ಲಿನಲ್ಲಿ 12.650 ಆಗುವುದು ಹೇಗೆ?

ಗುರುವಾರ ಸಂಜೆ ಡ್ಯೂಟಿ ಮುಗಿಯುತ್ತಿದ್ದಂತೆ ದಮ್ಮಾಮ್, ಅಲ್ ಖೋಬರ್, ಜುಬೈಲ್‌ನ ರೂಮುಗಳಲ್ಲಿ ಏಳುವ ಪ್ರಶ್ನೆ ಒಂದೇ: "ಬಹರೈನ್‌ಗೆ ಹೋಗೋಣ್ವಾ?" 1986ರಲ್ಲಿ ಕಿಂಗ್ ಫಹದ್ ಕಾಸ್‌ವೇ ತೆರೆದ ಮೇಲೆ ಈ ದ್ವೀಪ 25 ಕಿಲೋಮೀಟರ್ ಸೇತುವೆಯಷ್ಟೇ ದೂರ. ಅಲ್ಲಿ ಬಾರ್ ಇದೆ, ಹಾಡು ಇದೆ, ತಡರಾತ್ರಿ ಅಡ್ಡಾಡಲು ಜಾಗ ಇದೆ. ಹೋಗಿ ಮಜಾ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಊರಿಗೆ ಕಳಿಸಬೇಕಾದ ದುಡ್ಡಲ್ಲಿ ಅರ್ಧ ಎಲ್ಲಿ ಹೋಯಿತು ಅನ್ನೋದು ಶನಿವಾರ ಹಲವರಿಗೆ ಅರ್ಥವೇ ಆಗುವುದಿಲ್ಲ.

ಮೊದಲ ಮೋಸ ಕಣ್ಣಿನದ್ದು. ದಿನಾರ್, ಸೌದಿ ರಿಯಾಲ್ ಎರಡರ ದರವೂ ಡಾಲರಿಗೆ ಕಟ್ಟಿದ್ದು. ಒಂದು ದಿನಾರ್ ಅಂದರೆ ಹೆಚ್ಚುಕಡಿಮೆ 10 ರಿಯಾಲ್. ಮೆನುವಿನಲ್ಲಿ 4.500 ಅಂತ ಕಂಡರೆ ರಿಯಾಲ್ ಎಣಿಸಿ ಅಭ್ಯಾಸವಾದ ತಲೆಗೆ ಅದು ಬರೀ ನಾಲ್ಕೂವರೆ. ನಿಜದಲ್ಲಿ 45 ರಿಯಾಲ್, ಊರಿನ ಲೆಕ್ಕದಲ್ಲಿ ಸಾವಿರ ರೂಪಾಯಿ ಆಸುಪಾಸು.

ಎರಡನೆಯದು, ಬೆಲೆಯ ಪಕ್ಕ ಸಣ್ಣದಾಗಿ ಇರುವ ಎರಡು ಪ್ಲಸ್ ಗುರುತು. ತೆರಿಗೆ, ಸರ್ವಿಸ್ ಚಾರ್ಜ್ ಬೇರೆ ಎಂದರ್ಥ. 10 ದಿನಾರ್ ಊಟಕ್ಕೆ ಶೇ. 10 ಸರ್ವಿಸ್ ಚಾರ್ಜ್ ಒಂದು ದಿನಾರ್, ಶೇ. 5 ಸರ್ಕಾರಿ ಲೆವಿ ಅರ್ಧ ದಿನಾರ್. ಒಟ್ಟು 11.500. ಇದರ ಮೇಲೆ ಶೇ. 10 ವ್ಯಾಟ್ ಸೇರಿದರೆ 12.650. 2022ರ ಜನವರಿಗೆ ಮುಂಚೆ ಈ ವ್ಯಾಟ್ ಶೇ. 5 ಇತ್ತು. ಹಳೇ ಅಂದಾಜಲ್ಲಿ ಹೋಗುವವರು ಇಲ್ಲೇ ಎಡವುತ್ತಾರೆ.

ಇವೆರಡಕ್ಕಿಂತ ದೊಡ್ಡ ತೂತು ಹಾರ. ಕೆಲವು ಹೋಟೆಲ್‌ಗಳ ಆರ್ಕೆಸ್ಟ್ರಾ ಬಾರ್‌ಗಳಲ್ಲಿ ಹಾಡುವವರಿಗೆ, ಕುಣಿಯುವವರಿಗೆ ಗಿರಾಕಿ ಹಾರ ಹಾಕಿಸುವ ಪದ್ಧತಿ ಇದೆ. ಪಕ್ಕದ ಟೇಬಲ್‌ನವನು ಎರಡು ಹಾಕಿಸಿದ ಅಂತ ಈ ಟೇಬಲ್‌ನವನು ನಾಲ್ಕು. ಆ ಹೊತ್ತಿಗೆ ಯಾರೂ ಹತ್ತರಿಂದ ಗುಣಿಸುತ್ತಾ ಕೂರುವುದಿಲ್ಲ. ಜೇಬಿನಲ್ಲಿ ತೀರ್ಮಾನಿಸಿದಷ್ಟೇ ನಗದು ಇಟ್ಟು, ಕಾರ್ಡನ್ನು ರೂಮಲ್ಲೇ ಬಿಡುವುದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಅಸಲಿಗೆ ಈ ದ್ವೀಪದ ಒಳ್ಳೆಯ ರಾತ್ರಿ ಅಗ್ಗದ್ದೇ. ಬಾಬ್ ಅಲ್ ಬಹರೈನ್ ಹಿಂದಿನ ಮನಾಮಾ ಸೂಕ್‌ನ ಗಲ್ಲಿ, ಅಲ್ಲೊಂದು ಕರಕ್ ಚಾ. ಅದ್ಲಿಯಾದ ಬ್ಲಾಕ್ 338ರಲ್ಲಿ ಸುಮ್ಮನೆ ಅಡ್ಡಾಡಲು ಕಾಸು ಬೇಕಿಲ್ಲ. ಮುಹರಕ್‌ನಲ್ಲಿ ಹಳೇ ಮುತ್ತಿನ ವ್ಯಾಪಾರಿಗಳ ಮನೆಗಳ ನಡುವೆ ಹಾದುಹೋಗುವ ಮೂರೂವರೆ ಕಿಲೋಮೀಟರ್ ದಾರಿ ಇದೆ. ಇಲ್ಲಿನ ಮುತ್ತಿನ ಪರಂಪರೆ 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಡಿಸೆಂಬರಿನ ಮುಹರಕ್ ನೈಟ್ಸ್ ವೇಳೆ ಈ ಗಲ್ಲಿಗಳಲ್ಲಿ ಸಂಗೀತ, ಜನಜಾತ್ರೆ. ವಾರಾಂತ್ಯಕ್ಕೆ ಮನಾಮಾದ ಕನ್ನಡ ಭವನದಲ್ಲಿ ಏನಾದರೂ ಕಾರ್ಯಕ್ರಮ ಇದೆಯಾ ಅಂತ ಮೊದಲೇ ವಿಚಾರಿಸಬಹುದು.

ಹೊರಡುವ ಮುಂಚೆ ಕಾಗದ ಪತ್ರ. ಸೌದಿ ಇಕಾಮಾ ಇದ್ದವರಿಗೆ ಬಹರೈನ್ ವೀಸಾ ಜೊತೆಗೆ ಚಾಲ್ತಿಯಲ್ಲಿರುವ ಎಕ್ಸಿಟ್ ರೀ-ಎಂಟ್ರಿ ಬೇಕೇ ಬೇಕು. ಗಾಡಿ ಬೇರೆಯವರ ಹೆಸರಲ್ಲಿದ್ದರೆ ದೇಶದ ಹೊರಗೆ ಓಡಿಸಲು ಮಾಲೀಕರ ಅನುಮತಿಯೂ ಬೇಕು. ಕುಡಿದವರು ಸ್ಟಿಯರಿಂಗ್ ಮುಟ್ಟುವುದೇ ಬೇಡ, ಟ್ಯಾಕ್ಸಿ ಸಾಕು. ಇನ್ನು ಡಿಕ್ಕಿಯಲ್ಲಿ ಒಂದೇ ಒಂದು ಬಾಟಲಿ ಮರೆತು ಉಳಿದರೂ ಸೌದಿ ಕಸ್ಟಮ್ಸ್‌ನಲ್ಲಿ ಕೇಸು. ಕೆಲಸ, ಇಕಾಮಾ ಎರಡೂ ಹೋಗಬಹುದು.

ಶನಿವಾರ ಸಂಜೆ ವಾಪಸ್ಸಿನ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಭಾನುವಾರ ಬೆಳಗಿನ ಡ್ಯೂಟಿ ಇರುವವರು ಮಧ್ಯಾಹ್ನದ ಊಟವನ್ನು ಸೇತುವೆ ದಾಟಿದ ಮೇಲೇ ಇಟ್ಟುಕೊಳ್ಳುವುದು ಒಳ್ಳೆಯದು.