ಬಾಯಿಲ್ಲದ ಹುಳುವಿನ ಊಟದ ಹೊತ್ತು

ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಬೀರುವಿನಲ್ಲಿ, ಫಾರ್ಮಲಿನ್ ಜಾಡಿಯೊಳಗೆ ಇಲಿಯ ಲಾಡಿಹುಳು ಸುರುಳಿ ಸುತ್ತಿಕೊಂಡಿತ್ತು. ಮಾಸಲು ಬಿಳುಪು, ಗೇಣಿಗಿಂತ ಉದ್ದ, ಮೈತುಂಬ ಒತ್ತೊತ್ತಾದ ಅಡ್ಡಗೆರೆ. ಮೇಷ್ಟ್ರು ಅದರ ತಲೆಯ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟು, 'ಬಾಯಿ ಎಲ್ಲಿದೆ ಹುಡುಕಿ ನೋಡೋಣ' ಅಂದರು. ನಾಲ್ಕು ಹೀರುಬಟ್ಟಲು ಕಂಡವು, ಬಾಯಿ ಕಾಣಲಿಲ್ಲ. ಇದ್ದರೆ ತಾನೆ! ಲಾಡಿಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಇಲಿ ತಿಂದು ಅರಗಿಸಿದ್ದನ್ನು ಅದು ಮೈಯಿಂದಲೇ ಹೀರಿಕೊಳ್ಳುತ್ತದೆ.

ಹಾಗಾದರೆ ಇಲಿಯ ಊಟ ಬದಲಾದರೆ? ಹ್ಯೂಸ್ಟನ್‌ನ ರೈಸ್ ಇನ್‌ಸ್ಟಿಟ್ಯೂಟ್‌ನ ಏಸಾ ಚಾಂಡ್ಲರ್ 1943ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಇಲಿಗೆ ಪ್ರೋಟೀನ್ ನಿಲ್ಲಿಸಿದರೆ ಹುಳು ಕ್ಯಾರೇ ಅನ್ನಲಿಲ್ಲ; ಕಾರ್ಬೊಹೈಡ್ರೇಟ್ ನಿಲ್ಲಿಸಿದರೆ ಬೆಳವಣಿಗೆ ಕುಂಠಿತವಾಯಿತು.

'ಸಿಹಿ ತಿಂದರೆ ಹೊಟ್ಟೇಲಿ ಹುಳ ಆಗ್ತವೆ' ಎಂದು ಗದರುವ ಹಿರಿಯರು ಇಲ್ಲಿ ಮೀಸೆ ತಿರುವುವಂತಿಲ್ಲ. 1950ರ ದಶಕದಲ್ಲಿ ಸಂಶೋಧಕ ಕ್ಲಾರ್ಕ್ ರೀಡ್ ಮತ್ತು ಸಂಗಡಿಗರು ನೋಡಿದಂತೆ, ಸಕ್ಕರೆ ತಿಂದ ಇಲಿಗಿಂತ ಪಿಷ್ಟ ತಿಂದ ಇಲಿಯಲ್ಲೇ ಹುಳು ದೊಡ್ಡದಾಗಿತ್ತು. ಹುಳುವಿಗೆ ಒಗ್ಗುವುದು ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್, ಫ್ರಕ್ಟೋಸ್ ದಕ್ಕದು. ಸಕ್ಕರೆಯಲ್ಲಿ ಅರ್ಧಪಾಲು ಫ್ರಕ್ಟೋಸೇ!

ನನಗೆ ಇನ್ನೂ ಸೋಜಿಗವೆನಿಸುವುದು ಈ ಹುಳುವಿನ ಓಡಾಟ. ಹೀರುಬಟ್ಟಲು ಕಚ್ಚಿ ಒಂದೇ ಕಡೆ ಬಿದ್ದಿರುತ್ತದೆ ಅಂದುಕೊಳ್ಳುತ್ತೇವೆ. ಅದು ಹಾಗಿರುವುದಿಲ್ಲ. ಇಲಿ ರಾತ್ರಿ ಮೇಯುವ ಪ್ರಾಣಿ. ಅದು ಮೇಯ್ದ ಮೇಲೆ ಹುಳು ಸಣ್ಣಕರುಳಿನಲ್ಲಿ ಜಠರದ ಕಡೆಗೆ ಸರಿಯುತ್ತದೆ, ಹಗಲು ಏರಿದಂತೆ ಹಿಂದಕ್ಕೆ ಜಾರುತ್ತದೆ. ಇಲಿಗೆ ಹಗಲಲ್ಲಿ ಮಾತ್ರ ಆಹಾರ ಕೊಟ್ಟಾಗ ಹುಳುವಿನ ವೇಳಾಪಟ್ಟಿಯೂ ತಿರುಗುಮುರುಗಾಯಿತೆಂದು ರೀಡ್ ಮತ್ತು ಕಿಲೆಜಿಯನ್ 1969ರಲ್ಲಿ ಬರೆದರು. ಕಣ್ಣಿಲ್ಲ, ಬಾಯಿಲ್ಲ, ಆದರೂ ಪಂಕ್ತಿಗೆ ಎಲೆ ಹಾಕುವ ಹೊತ್ತು ಗೊತ್ತು! 'ಪರಾವಲಂಬಿ ಅಂತ ಬೈಯುವ ಮುಂಚೆ ಇದನ್ನೂ ನೋಡಿ' ಎಂದರು ಮೇಷ್ಟ್ರು. ಬೈಯಲು ನನಗೂ ಮನಸ್ಸು ಬರಲಿಲ್ಲ.

ಆದರೆ ಇಲಿಯ ಲೆಕ್ಕವನ್ನು ನಮ್ಮ ಮಕ್ಕಳ ದುಂಡುಹುಳು, ಕೊಕ್ಕೆಹುಳುಗಳಿಗೆ ಹಾಗೇ ಅಂಟಿಸಬಾರದು. ಊಟ ಹುಳುವನ್ನು ಬೆಳೆಸೀತು, ಹುಟ್ಟಿಸಲಾರದು. ಇಲಿಗೂ ಹುಳು ಬರುವುದು ಮರಿಹುಳು ಹೊತ್ತ ಹಿಟ್ಟಿನ ಕೀಟವನ್ನು ತಿಂದಾಗಲೇ. ನಮ್ಮಲ್ಲಿ ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಕೈಗೆ, ಕೈಯಿಂದ ಬಾಯಿಗೆ ಬರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ. ಆದ್ದರಿಂದ ಮಕ್ಕಳಿಗೆ ಸಿಹಿ ತಪ್ಪಿಸುವುದಕ್ಕಿಂತ ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಸಿ, ಕಾಲಿಗೆ ಚಪ್ಪಲಿ ಹಾಕಿಸಿ. ಫೆಬ್ರುವರಿ 10ರ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ.