ಕಾಡಿನ ಕಳೆ, ಪುಟ್ಟ ಮನೆಯ ಕುರ್ಚಿ

ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ 20×30 ಸೈಟಿನ ಮನೆಯೊಂದು ಮಾರಾಟಕ್ಕಿದ್ದರೆ, ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಸೋಫಾ ಸೆಟ್ಟು. ಹಾಲಿನ ಅರ್ಧ ಜಾಗ ಅದರದೇ. ಬೀರುವಿನ ಬಾಗಿಲು ಪೂರ್ತಿ ತೆರೆಯದು, ಕಿಟಕಿಯ ಬೆಳಕು ನೆಲ ಮುಟ್ಟದು. ‘ಚಿಕ್ಕದಾಯ್ತು’ ಎಂದು ಅವರು ಹೊರಡುತ್ತಾರೆ. ಮಾರುವ ಮನೆಯನ್ನು ಸಜ್ಜುಗೊಳಿಸಿ ತೋರಿಸುವುದನ್ನು 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಜ್ ಕಸುಬನ್ನಾಗಿಸಿದರು. ಆ ಕಸುಬಿಗೆ ಬೇಕಾದ ಹಗುರವಾದ ಕುರ್ಚಿ, ಟೀಪಾಯಿ ನಮ್ಮ ಚಾಮರಾಜನಗರ ಜಿಲ್ಲೆಯ ಕಾಡಿನಂಚಿನಲ್ಲೇ ಹುಟ್ಟಿದವು, ಅದೂ ಒಂದು ಕಳೆಯಿಂದ.

ಆ ಕಳೆ ಲಂಟಾನ. ಅಮೆರಿಕ ಖಂಡದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕಾಗಿ ಬಂತು. ಬೇಲಿಗೆ ಇಳಿಯಿತು, ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿದವು, ಬಂಡೀಪುರವೂ ಬಿಳಿಗಿರಿರಂಗನ ಬೆಟ್ಟವೂ ಅದರ ವಶವಾದವು. ಬೆಟ್ಟದಲ್ಲಿ ಸಂಶೋಧಕರು ಗುರುತಿಸಿದ ತಾಕುಗಳ ಪೈಕಿ 1997ರಲ್ಲಿ ಶೇ 41ರಲ್ಲಿ ಲಂಟಾನವಿತ್ತು. 2008ರಲ್ಲಿ ಶೇ 81ರಲ್ಲಿ. ಈ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹಿರಿಯರು ಇದಕ್ಕೆ ಕಾರಣ ಹೇಳುತ್ತಲೇ ಬಂದಿದ್ದಾರೆ. ಒಣ ಎಲೆಗೆ ವರ್ಷದ ಆರಂಭದಲ್ಲೇ ಹಾಕುತ್ತಿದ್ದ ತರಗು ಬೆಂಕಿ ಲಂಟಾನದ ಸಸಿಗಳನ್ನು ಸುಡುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ಕಾಡನ್ನು ಬಲ್ಲವರ ಮಾತನ್ನು ಕಿವಿಗೆ ಹಾಕಿಕೊಳ್ಳದ್ದಕ್ಕೆ ಕಾಡೇ ದಂಡ ತೆತ್ತಿತು. ಇದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ.

2000ದ ದಶಕದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಸೋಲಿಗರ ಜೊತೆ ಕೂತು ಪೀಠೋಪಕರಣಕ್ಕೆ ಬಿದಿರು, ಬೆತ್ತದ ಬದಲಿಗೆ ಲಂಟಾನ ಬಳಸಲು ತೊಡಗಿದರು. ಕೆಲಸ ಸುಲಭದ್ದಲ್ಲ. ಬೆರಳುಗಾತ್ರದ ನೇರ ಕಡ್ಡಿ ಆರಿಸಿ ಕಡಿಯಬೇಕು. ದೊಡ್ಡ ಡ್ರಮ್ಮಿನಲ್ಲಿ ನೀರು ಕಾಯಿಸಿ ಗಂಟೆಗಟ್ಟಲೆ ಬೇಯಿಸಬೇಕು. ತೊಗಟೆ ಸಡಿಲವಾದ ಮೇಲೆ ಚಾಕುವಿನಿಂದ ಹೆರೆದು, ಬಿಸಿ ಆರುವ ಮುನ್ನವೇ ಬಗ್ಗಿಸಿ, ಚೌಕಟ್ಟಿಗೆ ಮೊಳೆ ಹೊಡೆಯಬೇಕು. ಆರಿತೋ, ಕಡ್ಡಿ ಬಗ್ಗದೆ ಮುರಿಯುತ್ತದೆ. ಕಡೆಗೆ ವಾರ್ನಿಷ್. ಬೆತ್ತದ ಕುರ್ಚಿಯ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಕಾಂಡ ಕಡಿದ ಮಾತ್ರಕ್ಕೆ ಲಂಟಾನ ಸಾಯುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ಕಾಡನ್ನು ಪೂರ್ತಿ ಉಳಿಸುವ ಹೊರೆ ಈ ಕುರ್ಚಿಯ ಮೇಲೆ ಹೊರಿಸಬಾರದು. ಆದರೆ ಕೂಲಿಗೆ ದೂರ ಹೋಗುವವರಿಗೆ ಊರಲ್ಲೇ ಒಂದು ಕಸುಬಂತೂ ಆಯಿತು.

ಪುಟ್ಟ ಮನೆಗೆ ಈ ಕುರ್ಚಿ ಒಗ್ಗುವುದು ಜಾಲರಿಯಂಥ ಬೆನ್ನಿನಿಂದ. ಅದರ ಸಂದಿಯಲ್ಲಿ ಬೆಳಕು ಹಾಯುತ್ತದೆ, ಕಾಲುಗಳ ನಡುವೆ ನೆಲ ಕಾಣುತ್ತದೆ, ಹಾಲು ಇದ್ದಷ್ಟೂ ಕಣ್ಣಿಗೆ ಬೀಳುತ್ತದೆ. ಎರಡು ಕುರ್ಚಿ, ಒಂದು ಸಣ್ಣ ಟೀಪಾಯಿ, ಗೋಡೆಗೊರಗಿದ ಕಿರಿದಾದ ಶೆಲ್ಫು ಸಾಕು. ಬಾಗಿಲಿಂದ ಅಡುಗೆಮನೆಗೆ ಎರಡೂವರೆ ಅಡಿ ದಾರಿ ಬಿಡಬೇಕು. ಕೈಯಲ್ಲೇ ಮಾಡುವುದರಿಂದ ನಮ್ಮ ಗೋಡೆಯ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ಮನೆ ಮಾರಿದ ಮೇಲೂ ಹೊಸ ಮನೆಗೆ ಒಬ್ಬರೇ ಎತ್ತಿಕೊಂಡು ಹೋಗಬಹುದು.

ಮನೆ ತೋರಿಸುವ ಮುನ್ನ ಸೋಫಾವನ್ನು ನೆಂಟರ ಮನೆಗೆ ಸಾಗಿಸಿ. ಮಾದಪ್ಪನ ದರ್ಶನಕ್ಕೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದಾಗ ಸೋಲಿಗರ ಕೈಕೆಲಸ ಎಲ್ಲಿ ಸಿಗುತ್ತದೆಂದು ಕೇಳಿ, ಚೌಕಾಸಿ ಮಾಡದೆ ಕೊಳ್ಳಿ.