ಏರುದನಿ ಎಂದರೆ ಏರಿದ್ದು ಯಾವುದು?

ಒಂಬತ್ತನೆಯ ತರಗತಿಯ ಶಬ್ದದ ಪಾಠದಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಸ್ಥಾಯಿ ಬೇರೆ, ಗಟ್ಟಿತನ ಬೇರೆ ಎನ್ನುವಲ್ಲಿ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ನಮ್ಮ ಮಾತೇ ಎರಡನ್ನೂ ಬೆರೆಸಿದೆ. 'ಏರುದನಿ' ಎಂದರೆ ಜೋರು ದನಿಯೂ ಹೌದು, ಮೇಲಿನ ಸ್ವರವೂ ಹೌದು. ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ಪಾಠಾಭ್ಯಾಸದ ಮೊದಲ ದಿನವೇ ಒಬ್ಬ ಹುಡುಗಿ, "ಟೀಚರ್, ಸ್ವರ ಏರಿತು ಅಂದ್ರ ಜೋರ ಆತು ಅಂತಲ್ಲೇನ್ರಿ?" ಎಂದಳು. ವ್ಯಾಖ್ಯೆ ಬರೆಸಿದರೆ ಪರೀಕ್ಷೆಗೆ ಸಾಕು, ಕಿವಿಗೆ ಸಾಲದು. ಆದ್ದರಿಂದ ಎರಡನ್ನೂ ಎರಡು ಕೈಗೆ ಬೇರೆಬೇರೆಯಾಗಿ ಕೊಡುವ ಉಪಕರಣವೊಂದನ್ನು ಬೆಳಗಾವಿಯಲ್ಲೇ ಜೋಡಿಸಿಕೊಂಡು ಒಯ್ದೆ.

ಹಾರ್ಮೋನಿಯಂ ಸಾಲದೇ ಎಂದು ಕೇಳಬಹುದು. ಪಂಡಿತ ರಾಂಭಾವು ವಿಜಾಪುರೆ ಅವರ ಊರಿನಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಪಟ್ಟಿ ಬದಲಿಸಿದರೆ ಸ್ಥಾಯಿ, ತಿದಿ ಬಿಗಿಯಾಗಿ ಒತ್ತಿದರೆ ಗಟ್ಟಿತನ. ಆದರೆ ಆವೃತ್ತಿಯ ಅಂಕಿ ಅಲ್ಲಿ ಕಾಣುವುದಿಲ್ಲ. ನನಗೆ ಕೇಳುವುದೂ ಬೇಕಿತ್ತು, ಕಾಣುವುದೂ ಬೇಕಿತ್ತು.

ಸಾಮಾನು ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಸುತ್ತದೆ: ಆರ್ಡುಯಿನೋ ಉನೋ, ಬೆಳಕಿಗೆ ರೋಧ ಬದಲಿಸುವ ಎಲ್‌ಡಿಆರ್, 10 ಕಿಲೋಓಮ್ ರೋಧಕ, ರೇಡಿಯೋದಲ್ಲಿರುವಂಥ ಒಂದು ತಿರುಗಣೆ. ಎಲ್‌ಡಿಆರ್‌ನ ಒಂದು ಕಾಲು 5 ವೋಲ್ಟಿಗೆ, ಇನ್ನೊಂದು ಎ0 ಪಿನ್ನಿಗೆ; ಅದೇ ಪಿನ್ನಿನಿಂದ ರೋಧಕದ ಮೂಲಕ ಗ್ರೌಂಡಿಗೆ. ಬೆಳಕು ಹೆಚ್ಚಿದರೆ ಎಲ್‌ಡಿಆರ್‌ನ ರೋಧ ಇಳಿದು ಪಿನ್ನಿನ ವೋಲ್ಟೇಜ್ ಏರುತ್ತದೆ. 0ಯಿಂದ 5 ವೋಲ್ಟನ್ನು ಆರ್ಡುಯಿನೋ 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ತಿರುಗಣೆಯ ನಡುವಿನ ಕಾಲು ಎ1ಕ್ಕೆ.

ಧ್ವನಿ ಹುಟ್ಟುವುದು ಲ್ಯಾಪ್‌ಟಾಪಿನಲ್ಲಿ, ಮಿಲ್ಲರ್ ಪಕೆಟ್ ರಚಿಸಿದ ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶದಲ್ಲಿ. ಅದರ 'ಕಾಂಪೋರ್ಟ್' ವಸ್ತು ಯುಎಸ್‌ಬಿಯಿಂದ ಬರುವ ಬೈಟುಗಳನ್ನು ಓದುತ್ತದೆ. ಅದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಇರುವಲ್ಲಿಯೇ ಆ ಕೆಲಸ ಮುಗಿಸಿಕೊಳ್ಳಿ. ಎರಡೂ ಕಡೆ ವೇಗ 9600 ಇರಲಿ. ಆರ್ಡುಯಿನೋದ ಸೀರಿಯಲ್ ಮಾನಿಟರ್ ತೆರೆದಿದ್ದರೆ ಮುಚ್ಚಿ. ಒಂದು ಪೋರ್ಟಿಗೆ ಒಂದೇ ತಂತ್ರಾಂಶ.

ಇಲ್ಲಿ ತಿಳಿಯಲೇಬೇಕಾದ ಸೂಕ್ಷ್ಮವೊಂದಿದೆ. 'ಪ್ರಿಂಟ್' ಆದೇಶದಿಂದ ಕಳಿಸಿದರೆ 65 ಎಂಬುದು 6 ಮತ್ತು 5 ಎಂಬ ಎರಡು ಅಕ್ಷರಗಳಾಗಿ, ಅಂದರೆ 54 ಮತ್ತು 53 ಎಂಬ ಸಂಕೇತಗಳಾಗಿ ಹೋಗುತ್ತದೆ. 'ರೈಟ್' ಎಂದರೆ 65 ಎಂದೇ ಒಂದು ಬೈಟಿನಲ್ಲಿ ಹೋಗುತ್ತದೆ. ಒಂದು ಬೈಟಿನ ಮಿತಿ 255. ಹಾಗಾದರೆ ಎರಡು ಸಂವೇದಕಗಳ ಅಂಕಿಗಳನ್ನು ಬೇರೆ ಮಾಡುವುದು ಹೇಗೆ? ಬೆಳಕಿನ ಅಂಕಿಯನ್ನು 8ರಿಂದ ಭಾಗಿಸಿದರೆ 0–127. ತಿರುಗಣೆಯದನ್ನೂ ಭಾಗಿಸಿ 128 ಕೂಡಿಸಿದರೆ 128–255. ಪ್ಯೂರ್ ಡೇಟಾದ 'ಮೋಸೆಸ್ 128' ಇವೆರಡನ್ನೂ ಎರಡು ದಾರಿಗೆ ಒಡೆಯುತ್ತದೆ.

ಬೆಳಕಿನ ಅಂಕಿಯನ್ನು ಮತ್ತೆ 3ರಿಂದ ಭಾಗಿಸಿ 48 ಕೂಡಿಸಿ 'ಎಂಟಾಫ್'ಗೆ ಕೊಟ್ಟೆ. ಅದು ಸ್ವರದ ಅಂಕಿಯನ್ನು ಆವೃತ್ತಿಯಾಗಿಸುತ್ತದೆ: 69 ಎಂದರೆ 440 ಹರ್ಟ್ಸ್, 12 ಏರಿದರೆ ಆವೃತ್ತಿ ಇಮ್ಮಡಿ. ಭಾಗಿಸದೆ ಹಾಗೇ ಬಿಟ್ಟರೆ ಕೆಳಗಿನ ಸ್ವರಗಳು 20 ಹರ್ಟ್ಸಿಗಿಂತ ಇಳಿದು ಕಿವಿಗೇ ಬೀಳವು. ತಿರುಗಣೆಯ ಅಂಕಿ, 128 ಕಳೆದ ಮೇಲೆ, ಕಂಪನದ ಪಾರವನ್ನು ಮಾತ್ರ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ; ನಡುವೆ 'ಲೈನ್' ಇಟ್ಟರೆ ಚಟಪಟ ಸದ್ದು ಬರುವುದಿಲ್ಲ.

ತಂತಿ ಜೋಡಿಸುವುದನ್ನು ಪಾಠದ 40 ನಿಮಿಷದೊಳಗೆ ತರಬೇಡಿ. ತರಗತಿಯಲ್ಲಿ ನಾನು ಕೇಳಿದ್ದು ಎರಡೇ: ಸಣ್ಣ ದನಿ, ಆದರೆ ಮೆಲ್ಲಗೆ, ದಪ್ಪ ದನಿ, ಆದರೆ ಜೋರಾಗಿ. ಒಬ್ಬರು ಎಲ್‌ಡಿಆರ್ ಮೇಲೆ ಅಂಗೈ ಆಡಿಸುವುದು, ಇನ್ನೊಬ್ಬರು ತಿರುಗಣೆ ಹಿಡಿಯುವುದು. ಮನೆಯಲ್ಲಿ ಮರಾಠಿ ಆಡುವವರಿಗೂ ಕನ್ನಡದವರಿಗೂ ಇಲ್ಲಿ ಶಬ್ದಕೋಶದ ತೊಡಕು ಬರಲಿಲ್ಲ. ಕೈ ಸರಿದಂತೆ ಪರದೆಯ ಆವೃತ್ತಿ ಬದಲಾಯಿತು, ತಿರುಗಣೆಗೆ ಅದು ಜಪ್ಪಯ್ಯ ಅನ್ನಲಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ತಕರಾರು ತೆಗೆದ: "ತಿರುಗಣಿ ಮುಟ್ಟೇ ಇಲ್ಲರಿ, ಕೈ ಮುಚ್ಚಿದ್ರ ದನಿ ಸಣ್ಣಗೂ ಆಗ್ತೈತಲ್ರಿ?" ಅವನು ಕೇಳಿದ್ದು ನಿಜ. ಪಾರ ಒಂದೇ ಇದ್ದರೂ ಕೆಳಗಿನ ಆವೃತ್ತಿಗೆ ನಮ್ಮ ಕಿವಿ ಅಷ್ಟು ಚುರುಕಲ್ಲ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್ ಕೂಡ ಆ ಸ್ವರಗಳನ್ನು ಸೊರಗಿಸುತ್ತದೆ. ಎರಡರಲ್ಲಿ ಯಾವುದರ ಪಾಲು ಎಷ್ಟೆಂದು ನೋಡಲು ಮರುದಿನದ ಪಾಠ ಯೋಜನೆಯಲ್ಲಿ ಒಂದು ದೊಡ್ಡ ಸ್ಪೀಕರ್ ಸೇರಿಸಿಕೊಂಡೆ.